ಹೆಸರು ಹಿಡಿದು ಕರೆಯದ ಕೂಸು

ಮೂರು ವರ್ಷದ ಕೂಸು ಮಾತಾಡದಿದ್ದರೆ ಊರಿಗೆಲ್ಲ ಬಾಯಿ ಬರುತ್ತದೆ. ಮನೋಳಿಯ ಮಹಾನಂದಾ ಅದನ್ನು ಐದೂವರೆ ತಿಂಗಳು ಅನುಭವಿಸಿದಳು.

ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಅವಳು ಮತ್ತು ಗಂಡ ಸಿದ್ದರಾಮ ಕಾಯ್ದೆ ಪ್ರಕಾರ ಒಂದು ಹೆಣ್ಣು ಕೂಸನ್ನು ದತ್ತು ತಂದಿದ್ದರು. ಮನೆತನದ ಪದ್ಧತಿಯಂತೆ ತೀರಿಹೋದ ಅತ್ತೆಯ ಹೆಸರನ್ನೇ ಇಟ್ಟರು, ಮರೆವ್ವ ಎಂದು. ಕೂಸು ಉಣ್ಣುತ್ತಿತ್ತು, ಮಲಗುತ್ತಿತ್ತು. ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಪಾತ್ರೆ ಬಿದ್ದರೆ ಬೆಚ್ಚುತ್ತಿತ್ತು, ಅದನ್ನು ಯಾರೂ ಲಕ್ಷ್ಯಕ್ಕೆ ತಗೊಳ್ಳಲಿಲ್ಲ.

ಮನೆಯಲ್ಲಿ ಸಿದ್ದರಾಮನ ಸೋದರತ್ತೆ ತಂಗೆವ್ವ ಇದ್ದಳು. ಒಂದು ದಿನ ರೊಟ್ಟಿ ಬಡಿಯುತ್ತ ಆಕೆ ಅಂದೇಬಿಟ್ಟಳು: "ಕೂಸು ಮೂಕ ಐತಿ ಕಾಣತೈತಿ. ಬಾಳ ಹಚ್ಚಿಕೊಳ್ಳೂದರಾಗ ಕೊಟ್ಟ ಬಂದಬಿಡ್ರಿ."

ಅಂದಿನಿಂದ ಮಹಾನಂದಾಳ ಎದೆಯಲ್ಲಿ ಹೆದರಿಕೆ ಹೊಕ್ಕಿತು. ದತ್ತು ಕೊಟ್ಟ ಸಂಸ್ಥೆಯವರು ಆರು ತಿಂಗಳಿಗೊಮ್ಮೆ ಮನೆಗೆ ಬಂದು ಕೂಸು ಹೇಗಿದೆ ಎಂದು ನೋಡುತ್ತಾರೆ. ಮಾತಿಲ್ಲದ್ದು ಗೊತ್ತಾದರೆ ಒಯ್ದುಬಿಡುತ್ತಾರೆ ಎಂದು ಅವಳು ತಿಳಿದಳು. ಬಾಗಿಲ ಮುಂದೆ ಮೋಟರ್ ಸೈಕಲ್ ನಿಂತರೆ ಕೈಯೊಳಗಿನ ಕೆಲಸ ಬಿಟ್ಟು ಕೂಸನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಅಂಗನವಾಡಿಗೂ ಕಳಿಸಲಿಲ್ಲ. ಕೂಸು ಬೆರಳು ತೋರಿಸುವ ಮೊದಲೇ ಹಾಲು, ನೀರು ಕೈಗಿಡುತ್ತಿದ್ದಳು. ಅತ್ತರೆ ಯಾರಾದರೂ ಬಂದು ಕೇಳಿಯಾರು ಎಂಬ ಭಯ.

ಸೋಮವಾರ ಬರುತ್ತೇವೆ ಎಂದು ಸಂಸ್ಥೆಯಿಂದ ಫೋನ್ ಬಂತು. ಸೋಮವಾರ ಮುಂಜಾನೆ ಸಿದ್ದರಾಮ ಹೊಲಕ್ಕೆ ಹೋದದ್ದೇ ತಡ, ಮಹಾನಂದಾ ಕೂಸನ್ನು ಕಟ್ಟಿಕೊಂಡು ರಾಮದುರ್ಗದ ತವರಿಗೆ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ಊರ ಅಂಗನವಾಡಿ ನಡೆಸುವ ಭಾಗೀರಥಿ ಸಿಕ್ಕಳು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಮಹಾನಂದಾ ಏನೋ ಒಂದು ಹೇಳಿದಳು. ಅಷ್ಟರಲ್ಲಿ ಕೂಸು ಕೈ ಬಿಡಿಸಿಕೊಂಡು ರಸ್ತೆಗೆ ಇಳಿಯಿತು. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು.

"ಕೂಸಾ, ಏ ಕೂಸಾ" ಎಂದು ಮಹಾನಂದಾ ಕೂಗಿದಳು. ಕೂಸು ತಿರುಗಲಿಲ್ಲ. ಭಾಗೀರಥಿ ಓಡಿಹೋಗಿ ಎತ್ತಿಕೊಂಡಳು. ಟ್ರ್ಯಾಕ್ಟರ್ ಧೂಳೆಬ್ಬಿಸುತ್ತ ಪಕ್ಕದಲ್ಲೇ ಹಾದುಹೋಯಿತು.

ಮಹಾನಂದಾ ಓಡಿಬಂದು ಕೂಸನ್ನು ತಬ್ಬಿಕೊಂಡಳು. "ಕಿವಿ ಕೇಳೂದಿಲ್ರಿ ಅಕ್ಕಾರ. ಯಾರಿಗೂ ಹೇಳಬ್ಯಾಡ್ರಿ. ನನ್ನ ಕೂಸಿನ್ನ ಒಯ್ತಾರ."

ಭಾಗೀರಥಿ ಅವಳಿಗೆ ನೀರು ಕುಡಿಸಿದಳು. "ಹೆಸರ ಹಿಡದು ಯಾಕ ಕರೀಲಿಲ್ಲ?"

"ಅತ್ತಿಯವರ ಹೆಸರರಿ. ಸೊಸಿ ಆಗಿ ನಾ ಹೆಂಗ ಬಾಯಾಗ ತಗೋಳ್ಲಿ?"

ಆಗ ಎಲ್ಲ ಹೊರಬಂತು. ಸಿದ್ದರಾಮನಿಗೆ ಅದು ತಾಯಿಯ ಹೆಸರು, ಅವನು ಅವ್ವಾ ಎನ್ನುತ್ತಿದ್ದ. ತಂಗೆವ್ವನಿಗೆ ಅಣ್ಣನ ಹೆಂಡತಿಯ ಹೆಸರು, ಆಕೆ ವೈನಿ ಎನ್ನುತ್ತಿದ್ದಳು. ಮಹಾನಂದಾಳಿಗೆ ಬರೀ ಕೂಸು. ಸಂಸ್ಥೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಭಾಗೀರಥಿ ಕೇಳಿದಳು. ಮಹಾನಂದಾ ಅವಳ ಕಿವಿಯಲ್ಲಿ ಹೇಳಿದಳು.

ಕೂಸು ಅತ್ತ ಮುಖ ಮಾಡಿ ನಿಂತಿತ್ತು. ಭಾಗೀರಥಿ ಹಿಂದಿನಿಂದ ಮೆಲ್ಲಗೆ, "ಶೀತಲಾ" ಎಂದಳು.

ಕೂಸು ಥಟ್ಟನೆ ತಿರುಗಿತು. ಹಳೆಯ ಪರಿಚಯದವರು ಯಾರೋ ಬಂದರೇನೋ ಎಂದು ಮುಖ ಮುಖ ಹುಡುಕಿತು.

"ಮನಿ ಹೊಸಾದು, ಮುಖ ಹೊಸಾವು, ಹೆಸರಂತೂ ಮೂರು," ಅಂದಳು ಭಾಗೀರಥಿ. "ಅದು ನಿನಗಿಂತ ಬಾಳ ಹೆದರೈತಿ, ಮಹಾನಂದಾ."

ಒಮ್ಮೆ ತಿರುಗಿದರೆ ಸಾಲದು, ಕಿವಿಯ ಪರೀಕ್ಷೆ ಆಗಲೇಬೇಕು ಎಂದೂ ಹೇಳಿದಳು. ಸಂಸ್ಥೆಯಲ್ಲಿ ಬೆಳೆದ ಕೆಲವು ಮಕ್ಕಳಿಗೆ ಮಾತು ತಡವಾಗುತ್ತದೆ. ಅಷ್ಟಕ್ಕೆ ಯಾರೂ ಕೂಸನ್ನು ಕಿತ್ತುಕೊಂಡು ಹೋಗುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಕಲಿಯುವ ವಯಸ್ಸು ಕೈಬಿಟ್ಟು ಹೋಗುತ್ತದೆ.

ರಾಮದುರ್ಗದ ಬಸ್ಸು ಬಂತು. ಮಹಾನಂದಾ ಹತ್ತಲಿಲ್ಲ.

ಮಧ್ಯಾಹ್ನ ಸಂಸ್ಥೆಯ ಹೆಣ್ಣುಮಗಳು ಬಂದಳು. ಮಹಾನಂದಾ ಎಲ್ಲ ಹೇಳಿದಳು. ಹೊಸ ಮುಖ ಕಂಡ ಕೂಸು ಓಡಿಬಂದು ಮಹಾನಂದಾಳ ಸೀರೆಯಲ್ಲಿ ಮುಖ ಹುದುಗಿಸಿ ಗಟ್ಟಿಯಾಗಿ ಅಳತೊಡಗಿತು. ಎಲ್ಲ ಮುಗಿಯಿತು ಅಂದುಕೊಂಡಳು ಮಹಾನಂದಾ.

ಬಂದಾಕೆ ಬರೆಯುವುದನ್ನು ನಿಲ್ಲಿಸಿದಳು. "ಹೆದರಿಕಿ ಆದಾಗ ಕೂಸು ಯಾರ ಕಡೆ ಓಡತೈತಿ ಅಂತ ನೋಡಾಕ ನಾ ಬಂದೀನ್ರಿ. ನೋಡಿದೆ."

ಬಾಗಿಲಲ್ಲಿ ನಿಂತಿದ್ದ ತಂಗೆವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಆ ವಾರ ಕಿವಿ ಪರೀಕ್ಷೆಗೆ ಬೆಳಗಾವಿಗೆ ಹೊರಟಾಗ ಬುತ್ತಿಗಂಟು ಹಿಡಿದು ಮೊದಲು ಬಸ್ ಹತ್ತಿದವಳು ಆಕೆಯೇ.

ಕಿವಿ ಸರಿಯಾಗಿತ್ತು. ಆಸ್ಪತ್ರೆಯ ಮಾತು ಕಲಿಸುವವರು ಹೇಳಿದ್ದನ್ನು ಮನೆಯವರು ನಡೆಸಿದರು. ಎಲ್ಲರೂ ಶೀತಲಾ ಎಂದೇ ಕರೆದರು. ರೊಟ್ಟಿ ಬಡಿಯುವಾಗ, ಎಮ್ಮೆ ಹಿಂಡುವಾಗ ಕೂಸಿನ ಜೊತೆ ಮಾತಾಡಿದರು. ಹಾಲು, ನೀರು ಬೇಕೆಂದು ಕೂಸೇ ಬೆರಳು ತೋರಿಸುವವರೆಗೆ ಕಾದು ಕೊಟ್ಟರು. ಮನೆಗೆ ಬಂದ ಬೀಗರು, ನೆಂಟರ ಮುಂದೆ ನಿಲ್ಲಿಸಿ ಮಾತಾಡು ಎಂದು ಕಾಡಲಿಲ್ಲ. ಅಂಗನವಾಡಿಗೂ ಕಳಿಸಿದರು.

ನಾಲ್ಕು ತಿಂಗಳು ಏನೂ ಇಲ್ಲ. ಮಹಾನಂದಾಳ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಒಂದು ದಿನ ತಂಗೆವ್ವ ಒತ್ತಾಯದಿಂದ ಇನ್ನೊಂದು ತುತ್ತು ಬಾಯಿಗೆ ಹಿಡಿದಾಗ ಕೂಸು ಆಕೆಯ ಕೈ ದೂಡಿ, "ಬ್ಯಾಡ" ಅಂದಿತು.

ಮಹಾನಂದಾ ಅಡುಗೆಮನೆಯ ಗೋಡೆಗೆ ಆನಿಕೊಂಡು ಅತ್ತಳು. ಹೊರಗೆ ಹಾಕಿಯಾರು ಎಂಬ ಅಂಜಿಕೆ ಇನ್ನೂ ಇದ್ದಿದ್ದರೆ ಕೂಸು ಬ್ಯಾಡ ಅನ್ನುತ್ತಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಹೆತ್ತ ಮಗುವಿರಲಿ, ದತ್ತು ಮಗುವಿರಲಿ, ಎರಡು ವರ್ಷವಾದರೂ ಎರಡು ಮಾತು ಕೂಡಿಸದಿದ್ದರೆ, ಕರೆದಾಗ ತಿರುಗದಿದ್ದರೆ ಅಂಜಿ ಮುಚ್ಚಿಡಬೇಡಿ. ನಾಳೆಯೇ ನಿಮ್ಮ ಅಂಗನವಾಡಿಗೆ, ಆಸ್ಪತ್ರೆಗೆ ಹೋಗಿ ಹೇಳಿ. ದತ್ತು ಸಂಸ್ಥೆಯವರು ಬಂದರೆ ಬಾಗಿಲು ತೆರೆದು ಇದ್ದದ್ದು ಇದ್ದಂತೆ ತಿಳಿಸಿ. ನಿಮಗೆ ಹೆದರಿಕೆಯಾದರೆ ನೀವು ಬಾಯಿಬಿಟ್ಟು ಹೇಳಬಲ್ಲಿರಿ. ಆ ಕೂಸಿಗೆ ಅದೂ ಬರುವುದಿಲ್ಲ.