ಅಪ್ಪನನ್ನು ಮಲಗಿಸುವ ಪಾಠ

ಲಾಕ್‌ಡೌನಿನ ಹದಿನೆಂಟನೆಯ ದಿನ ಅಪ್ಪ ನಿಂತಲ್ಲೇ ನಿದ್ದೆ ಹೋದರು. ಅದೂ ಬೇಕರಿಯ ಉರಿಯುವ ಓವನ್ನಿನ ಎದುರು. ನೂರೆಂಬತ್ತು ಬ್ರೆಡ್ಡು ಇದ್ದಿಲಾದವು. "ಇನ್ನೊಂದು ಸಲ ಹೀಗಾದ್ರೆ ಮನೇಲೇ ಬಿದ್ಕೊಂಡಿರು," ಅಂದರಂತೆ ಮಾಲೀಕರು.

ಮನೆಯಲ್ಲಿ ಮಲಗಲಾಗದ್ದಕ್ಕೇ ತಾನೆ ಈ ಪಾಡು! ಇಪ್ಪತ್ತೆರಡು ವರ್ಷದಿಂದ ಅಪ್ಪ ರಾತ್ರಿ ಪಾಳಿ ಮುಗಿಸಿ, ಹಗಲು ಖಾಲಿ ಮನೆಯಲ್ಲಿ ಮಲಗಿ ರೂಢಿಯಾದವರು. ಈಗ ಎರಡು ಕೋಣೆಯಲ್ಲಿ ಮಾಸ್ಕ್ ಹೊಲಿಯುವ ಅಮ್ಮ, ಎಂ.ಎ. ಓದುವ ನಾನು. ನಾವು ಕಳ್ಳರಂತೆ ತುದಿಗಾಲಲ್ಲಿ ಓಡಾಡಿದೆವು. ಅಮ್ಮ ಮಿಷನ್ ತುಳಿಯುವುದು ಬಿಟ್ಟು ಕೈಯಲ್ಲೇ ಹೊಲಿದಳು. ಮೌನವೆಂದರೆ ನನಗೆ ಪ್ರಾಣ. ಆದರೆ ಆ ಮೌನ ನನಗೂ ಭಯ ಹುಟ್ಟಿಸಿತು.

"ಏನ್ ಮಾಡ್ತಿದ್ದೀರಿ ಇಬ್ರೂ? ಏನೋ ಮುಚ್ಚಿಡ್ತಿದ್ದೀರಿ!" ಒಳಗಿನಿಂದ ಅಪ್ಪನ ಕೂಗು.

ಅಮ್ಮ ನಗು ತಡೆಯಲು ಅರ್ಧ ಹೊಲಿದ ಮಾಸ್ಕನ್ನೇ ಬಾಯಿಗೆ ತುರುಕಿಕೊಂಡಳು.

ಒಂದು ದಿನ ನನ್ನ ಇಯರ್‌ಫೋನ್ ಕೆಟ್ಟು, ಆನ್‌ಲೈನ್ ಪಾಠ ಇಡೀ ಮನೆಗೆ ಕೇಳಿಸಿತು. ಇತಿಹಾಸದ ಮೇಷ್ಟ್ರಿಗೆ ನಾವಿಟ್ಟ ಹೆಸರು ಅಲ್ಪವಿರಾಮ. ಅವರ ಮಾತಿಗೆ ಕೊನೆಯೇ ಇರಲಿಲ್ಲ. "ರಾಜನ ಮೊಳ ಒಂದು, ನೇಕಾರನ ಮೊಳ ಇನ್ನೊಂದು, ಆದ್ರೆ ಅಳೆಯೋ ಬಟ್ಟೆ ಅದೇ, ಹಾಗಂತ..." ಮೇಷ್ಟ್ರು ಮೊಳದಿಂದ ಗೇಣಿಗೆ ಇಳಿಯುವಷ್ಟರಲ್ಲಿ ಒಳಗೆ ಗೊರಕೆ! ಅಮ್ಮ ನನ್ನ ಕೈ ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿದಳು.

ಹನ್ನೊಂದು ದಿನ ಅಪ್ಪ ಮಗುವಿನಂತೆ ಮಲಗಿದರು. ಆಮೇಲೆ ಸೆಮಿಸ್ಟರ್ ಮುಗಿಯಿತು.

ರೆಕಾರ್ಡಿಂಗ್ ಹಾಕಿದೆವು. ಅಪ್ಪ ಎದ್ದು ಕೂತರು. "ಇದು ಕೇಳಿ ಆಗಿದೆ ಕಣೋ. ಈಗ ನೋಡು, ವ್ಯಾಪಾರಿ ಸುಳ್ಳು ತಕ್ಕಡಿ ತರ್ತಾನೆ!" ಎರಡು ದಿನ ರೆಪ್ಪೆ ಅಂಟಲಿಲ್ಲ. ಎರಡನೆಯ ರಾತ್ರಿ ಓವನ್ನಿನ ಬಾಗಿಲಿಗೆ ಹಣೆ ಬಡಿದುಕೊಂಡು ಬಂದರು.

"ಮೇಷ್ಟ್ರಿಗೆ ಫೋನ್ ಮಾಡು," ಅಂದಳು ಅಮ್ಮ.

"ಏನಂತ? ನಿಮ್ಮ ಪಾಠ ಕೇಳಿದ್ರೆ ನಿದ್ದೆ ಬರುತ್ತೆ ಅಂತಲಾ?"

"ಡೌಟಿದೆ ಅನ್ನು."

ಅಂದೆ. ಆ ಕಡೆ ಮೇಷ್ಟ್ರು ಹಿಗ್ಗಿ ಹೀರೆಕಾಯಿಯಾದರು. "ಡೌಟಾ? ನಿನಗಾ? ಒಂದಿನ ಕ್ಯಾಮೆರಾ ಹಾಕಿದವನಲ್ಲ ನೀನು!" ನಲವತ್ತು ನಿಮಿಷ ಗೇಣಿನ ಬಗ್ಗೆ ಹೇಳಿದರು. ಸ್ಪೀಕರ್ ಹಾಕಿದ ಫೋನು ಅಪ್ಪನ ದಿಂಬಿನ ಪಕ್ಕದಲ್ಲಿತ್ತು. ಮರುದಿನವೂ ಹಾಗೇ. ಮೂರನೆಯ ದಿನ ಅಪ್ಪ ನಿದ್ದೆಗೆ ಜಾರಿದ ಮೇಲೆ ಮೇಷ್ಟ್ರು ತಟ್ಟನೆ ನಿಲ್ಲಿಸಿದರು.

"ಏಯ್, ನಿಜ ಹೇಳು. ಗೇಣಿನ ಮೇಲೆ ಮೂರು ದಿನ ಡೌಟು ಯಾರಿಗೂ ಬರಲ್ಲ."

ಹೇಳಿಬಿಟ್ಟೆ. ಬ್ರೆಡ್ಡು, ಮಾಲೀಕರು, ಹಣೆಯ ಗಾಯ, ಎಲ್ಲ.  ನನ್ನ ಡಿಗ್ರಿ ಹೋಯಿತು ಅಂದುಕೊಂಡೆ.

"ಎಷ್ಟು ಹೊತ್ತು ಮಲಗ್ತಾರೆ?"

"ಐದು ಗಂಟೆ, ಸರ್."

"ಪುಣ್ಯಾತ್ಮ! ನಾನು ಎರಡು ವಾರದಿಂದ ಕಣ್ಣು ಮುಚ್ಚಿಲ್ಲ ಕಣೋ. ಒಬ್ಬನೇ ಇದ್ದೀನಿ, ಮನೆ ಗವ್ ಅನ್ನುತ್ತೆ." ದನಿ ತಗ್ಗಿಸಿದರು. "ಅದೇನದು, ಗರಗಸದ ಶಬ್ದ?"

"ಅಪ್ಪನ ಗೊರಕೆ, ಸರ್."

"ಫೋನು ಇನ್ನೂ ಹತ್ತಿರ ಇಡು, ನೋಡೋಣ."

ಮೂಗಿನ ಹತ್ತಿರವೇ ಇಟ್ಟೆ. ಐದು ನಿಮಿಷಕ್ಕೆ ಫೋನಿನೊಳಗಿಂದ ಸಣ್ಣ ಸೀಟಿಯಂಥ ಗೊರಕೆ ಹೊರಟಿತು. ಅಪ್ಪ ಗರ್ರ್ ಅಂದರೆ ಮೇಷ್ಟ್ರು ಸುಯ್ ಅನ್ನುವರು. ಅಮ್ಮ ನೆಲದ ಮೇಲೆ ಉರುಳಾಡಿ ನಕ್ಕಳು. ಇಬ್ಬರಲ್ಲಿ ಒಬ್ಬರೂ ಏಳಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಅಪ್ಪ ಎದ್ದು ಹಾಯಾಗಿ ಮೈಮುರಿದರು. ಆ ರಾತ್ರಿ ಒಂದು ಬ್ರೆಡ್ಡೂ ಕರಕಲಾಗಲಿಲ್ಲ. ಆದರೆ ಆ ಮಧ್ಯಾಹ್ನ ಅವರು ಹಾಸಿಗೆ ಬಿಟ್ಟ ಕೂಡಲೇ ಫೋನಿನಲ್ಲಿ ಮೇಷ್ಟ್ರು "ಹೂಂ? ಹೂಂ?" ಎಂದು ಹೊರಳಾಡತೊಡಗಿದ್ದರು. ಅಮ್ಮ ನನ್ನನ್ನು ಹಾಸಿಗೆಗೆ ತಳ್ಳಿದಳು.

"ನೋಡ್ತಾ ನಿಂತಿದ್ದೀಯಲ್ಲೋ! ಬಿದ್ಕೊ, ಗೊರಕೆ ಹೊಡಿ!"

ಹೊಡೆದೆ.