ಗುನ್‌ವೋರಳ ಬೆರಳು

ಶವಪೆಟ್ಟಿಗೆಯ ಹಿಡಿಯನ್ನು ಬಿಗಿಯಾಗಿಯೇ ಹಿಡಿದಿದ್ದೇನೆ ಎಂದುಕೊಂಡಿದ್ದಳು ತೂರ್ಡಿಸ್. ಅಮ್ಮನನ್ನು ಬರಿಗೈಯಲ್ಲಿ ಹೊರಬೇಕೆಂದು ಕೈಗವಸನ್ನೂ ಹಾಕಿರಲಿಲ್ಲ. ಇಗರ್ಜಿಯ ಮೆಟ್ಟಿಲಿಳಿಯುವಾಗ ನೋಡಿದರೆ ನಾಲ್ಕೂ ಬೆರಳು ಮೇಣದಂತೆ ಬೆಳ್ಳಗಾಗಿದ್ದವು. ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ.

"ಪೆಟ್ಟಿಗೆ ವಾಲ್ತಿದೆ, ಸರಿಯಾಗಿ ಹಿಡ್ಕೊಳ್ಳೇ," ಎಂದ ಹಿಂದಿದ್ದ ಅಣ್ಣ ಐವಿಂದ್.

"ಹಿಡ್ಕೊಂಡಿದೀನಿ."

ಅಮ್ಮನಿಗೂ ಕಾಯಿಲೆ ಶುರುವಾದದ್ದು ಹೀಗೇ.

*

ಅಮ್ಮ ಗುನ್‌ವೋರ್ ಬಂದರಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮೀನು ಸೀಳಿದವಳು. ಬೆರಳು ಬೆಳ್ಳಗಾದರೆ, "ಮಂಜುಗಡ್ಡೆ ನೀರು ಕಣೇ," ಎಂದು ಕಂಕುಳಲ್ಲಿ ಬೆಚ್ಚಗೆ ಮಾಡಿಕೊಂಡು ಮತ್ತೆ ಚಾಕು ಹಿಡಿಯುತ್ತಿದ್ದಳು. ಬೆರಳ ತುದಿಯ ಹುಣ್ಣು ಮಾಯದೇ ಹೋದಾಗಲಷ್ಟೇ ಆಸ್ಪತ್ರೆಗೆ ಹೋದದ್ದು.

ವೈದ್ಯೆ ಉಗುರಿನ ಬುಡಕ್ಕೆ ಹನಿ ಎಣ್ಣೆ ಬಿಟ್ಟು ಮಸೂರ ಇಟ್ಟಳು. ಸಾಲಾಗಿರಬೇಕಿದ್ದ ಕೂದಲೆಳೆಯಂಥ ರಕ್ತನಾಳಗಳು ಪರದೆಯ ಮೇಲೆ ಊದಿಕೊಂಡು ಕಂಡವು. ಕೆಲವು ಒಡೆದು ಚುಕ್ಕಿಚುಕ್ಕಿಯಾಗಿ ರಕ್ತ ಸೋರಿತ್ತು. ನಡುನಡುವೆ ಏನೂ ಇಲ್ಲದ ಬಯಲು.

"ಚರ್ಮ ಗಟ್ಟಿಯಾಗೋ ಕಾಯಿಲೆ. ಒಳಗೂ ಹಬ್ಬಬಹುದು," ಎಂದಳು ವೈದ್ಯೆ.

ಗುನ್‌ವೋರ್ ಮಗಳ ಕಡೆ ತಿರುಗಿದಳು. "ನಿಂದೂ ತೋರಿಸ್ಬಿಡೇ. ಹೇಗೂ ಎಣ್ಣೆ ಹೊರಗಿದೆ."

ತೂರ್ಡಿಸ್ ನಕ್ಕು ಕೈಗಳನ್ನು ಜೇಬಿಗಿಳಿಸಿದ್ದಳು. ಆ ಚಳಿಗಾಲವೇ ಅವಳ ಬೆರಳೂ ಎರಡು ಸಲ ಬೆಳ್ಳಗಾಗಿತ್ತು.

*

ಮಣ್ಣು ಮಾಡಿ ಬಂದ ಮೇಲೆ ಸಭಾಮಂದಿರದಲ್ಲಿ ಎಲ್ಲರಿಗೂ ಕಾಫಿ. ತೂರ್ಡಿಸ್ ಈಗ ಕೈಗವಸು ಹಾಕಿಕೊಂಡಿದ್ದಳು. ಗುನ್‌ವೋರಳ ಪಕ್ಕದಲ್ಲೇ ನಿಂತು ಮೀನು ಸೀಳುತ್ತಿದ್ದ ಓಸ್‌ಲೌಗ್ ತೂರ್ಡಿಸಳ ಬಳಿ ಬಂದು ಕೂತಳು.

"ನಗೋದೇ ಇಲ್ಲ, ಸೊಕ್ಕು ಬಂದಿದೆ ಇವಳಿಗೆ ಅಂತ ನಿಮ್ಮಮ್ಮನ್ನ ಆಡ್ಕೊಳ್ತಿದ್ವಿ. ಪಾಪಿಗಳು ನಾವು. ಬಾಯಿ ಸುತ್ತ ಚರ್ಮನೇ ಬಿಗಿದು ನಗೋಕೆ ಬಿಡ್ತಿರ್ಲಿಲ್ಲ." ಮೂಗೊರೆಸಿಕೊಂಡು ಕೇಳಿದಳು, "ಒಳಗೆ ಬಂದ್ಮೇಲೂ ಕೈಗವಸು ಯಾಕೆ?"

"ಚಳಿ, ಅತ್ತೆ."

"ನಿಮ್ಮಮ್ಮನೂ ಹಾಗೇ ಅಂತಿದ್ಲು. ತೆಗಿ."

"ಬೇಡ. ಕೊನೇಲಿ ಉಸಿರಿಗೆ ಅವಳು ಒದ್ದಾಡಿದ್ದು ನೋಡಿದೀನಿ. ನಂಗೆ ಗೊತ್ತಾಗೋದೇ ಬೇಡ."

"ಬರೀ ಚಳಿನೇ ಇರ್ಬಹುದು. ಅಲ್ದೇನೂ ಇರ್ಬಹುದು. ತೆಗಿ ಅಂದ್ನಲ್ಲ."

ಓಸ್‌ಲೌಗ್ ತಾನೇ ಕೈಗವಸು ಕಿತ್ತು, ಆ ಕೈಗಳನ್ನು ತನ್ನ ಉಣ್ಣೆಯಂಗಿಯೊಳಗೆ ಎಳೆದು ಹೊಟ್ಟೆಗೆ ಒತ್ತಿಕೊಂಡಳು. ತಣ್ಣಗೆ ತಾಗಿದಾಗ ಬೆಚ್ಚಿದಳು, ಬಿಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಸೂಜಿ ಚುಚ್ಚಿದ ಹಾಗೆ ಉರಿ ಶುರುವಾಯಿತು. ಹೊರಗೆ ತೆಗೆದು ನೋಡಿದರು: ಬೆರಳುಗಳು ನೀಲಿಯಾಗಿ, ಒಂದೊಂದಾಗಿ ಕೆಂಪೇರುತ್ತಿದ್ದವು. ಉಂಗುರದ ಬೆರಳೊಂದು ಬೆಳ್ಳಗೇ ಉಳಿಯಿತು.

ಓಸ್‌ಲೌಗ್ ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಫೋನ್ ತೆಗೆದು, ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ, ಆಸ್ಪತ್ರೆಯ ನಂಬರನ್ನು ಒಂದೊಂದೇ ಅಂಕಿಯಾಗಿ ಒತ್ತತೊಡಗಿದಳು.