ಪೌಡರ್ ಹಾಕದ ದಿನ

ಕೋಲ್ಕತ್ತಾದ ಸೆಖೆಗೆ ಪೌಡರ್ ಹಾಕದ ಹೆಂಗಸು ಇಲ್ಲ ಮಾರಾಯ್ರೆ. ಕತ್ತು, ಕಂಕುಳು, ಎದೆ, ಎಲ್ಲ ಕಡೆ ಮೆತ್ತಿಕೊಂಡೇ ಬರುತ್ತಾರೆ. ಸಾಲ್ಟ್ ಲೇಕಿನ ಸೆಂಟರೊಂದರಲ್ಲಿ ಸ್ತನದ ಎಕ್ಸ್‌ರೇ ತೆಗೆಯುವವಳು ನಾನು, ಕುಂದಾಪುರದ ವಸುಂಧರಾ. ಪೌಡರು ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಬೀಳುತ್ತದೆ, ಥೇಟ್ ರೋಗದ ಚುಕ್ಕೆಯ ಹಾಗೆ. ಚುಕ್ಕೆ ಕಂಡರೆ ಬೈದು, ಒರೆಸಿ, ಇನ್ನೊಮ್ಮೆ ತೆಗೆಯುತ್ತೇನೆ. ಕೆಟ್ಟ ಚಿತ್ರಗಳನ್ನು ಬೇರೆ ಇಟ್ಟು, ಯಾಕೆ ಕೆಟ್ಟಿತು ಅಂತ ತಿಂಗಳ ಕೊನೆಗೆ ನೋಡುವುದೂ ನನ್ನದೇ ಕೆಲಸ.

ಈ ವೈಶಾಖದಲ್ಲಿ ಹಾಗೆ ನೋಡುತ್ತ ಕೂತವಳು ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟೆ. ಬಾರಾನಗರದ ಮುದುಕಿ, ಎಸ್ಪ್ಲನೇಡಿನ ಅಂಗಡಿಯವಳು, ಯಾರದ್ದೇ ತೆಗೆದರೂ ಎಡ ಎದೆಯ ಒಂದೇ ಜಾಗದಲ್ಲಿ ಅದೇ ಚುಕ್ಕೆಗಳು, ಅಕ್ಕಿನುಚ್ಚು ಚೆಲ್ಲಿದ ಹಾಗೆ. ಒರೆಸಿ ತೆಗೆದ ಎರಡನೇ ಚಿತ್ರದಲ್ಲಿ ಇಲ್ಲ.

ಯಂತ್ರದ ಧೂಳು ಅಂದುಕೊಂಡು ಪ್ಲೇಟು ತಿಕ್ಕಿದೆ. ದಿನಾ ಬೆಳಿಗ್ಗೆ ಪರೀಕ್ಷೆಗೆ ಇಡುವ ಪ್ಲಾಸ್ಟಿಕ್ ತುಂಡಿನ ಚಿತ್ರ ತೆಗೆದರೆ ಏನೂ ಇಲ್ಲ. ಧೂಳಾಗಿದ್ದರೆ ಅದರಲ್ಲೂ ಕಾಣಬೇಕಿತ್ತು. ಮುಂದೆ ಬಂದವಳಲ್ಲಿ ಮತ್ತೆ ಅದೇ. ನನ್ನ ಜೊತೆ ಕೆಲಸ ಮಾಡುವ ಧಾರವಾಡದ ಹುಡುಗಿ ರೇಣುಕಾ ಅದೇ ಯಂತ್ರದಲ್ಲಿ ತೆಗೆದ ಯಾವ ಚಿತ್ರದಲ್ಲೂ ಅವು ಇರಲಿಲ್ಲ. ನಾನು ತೆಗೆದ ಚಿತ್ರಗಳಲ್ಲಿ ಮಾತ್ರ.

"ಅಕ್ಕಾರ, ನೀವು ಯಾವಾಗ ತೆಗಿಸ್ಕೊಂಡಿದ್ರಿ?" ಅಂದಳು ಅವಳು.

"ಎಂತಕ್ಕೆ? ನಾನು ತೆಗೆಸಲಿಲ್ಲ."

"ಹೇಳೂದು ಆಚಾರ, ತಿನ್ನೂದು ಬದನೀಕಾಯಿ" ಅಂತ ನಕ್ಕಳು.

ನಗು ಬರಲಿಲ್ಲ ನನಗೆ. ಅಮ್ಮ ಇದೇ ರೋಗದಲ್ಲಿ ಹೋದವಳು. ಊರಿಗೆಲ್ಲ ಬುದ್ಧಿ ಹೇಳುವ ನಾನು ಆ ಯಂತ್ರದ ಮುಂದೆ ನಿಲ್ಲಲು ಹೆದರುತ್ತಿದ್ದೆ.

ಮರುದಿನ ಸ್ನಾನ ಮಾಡಿ, ಪೌಡರ್ ಮುಟ್ಟದೆ ಬಂದು ನಿಂತೆ. ರೇಣುಕಾ ಗುಂಡಿ ಒತ್ತಿದಳು. ತೆರೆಯ ಮೇಲೆ ಎಡ ಎದೆ, ಅದೇ ಜಾಗ, ಅದೇ ನುಚ್ಚು.

"ಪೌಡರ್ ಇರಬೇಕ್ರಿ" ಅಂದಳು. ಅದು ನನ್ನದೇ ಮಾತು. ಒದ್ದೆ ಬಟ್ಟೆಯಲ್ಲಿ ತುಂಬ ಹೊತ್ತು ಒರೆಸಿ ಇನ್ನೊಮ್ಮೆ ತೆಗೆದಳು. ಚುಕ್ಕೆಗಳು ಕದಲಲಿಲ್ಲ. ಅವಳು ಮೂರನೇ ಸಲಕ್ಕೆ ಬಟ್ಟೆ ಎತ್ತಿಕೊಂಡಳು.

"ಸಾಕು ಮಾರಾಯ್ತಿ. ಇದನ್ನೇ ಡಾಕ್ಟರಿಗೆ ಕಳಿಸು."

ಹೊರಗೆ ಕಾಯುತ್ತಿದ್ದವಳನ್ನು ಕರೆದೆ. ಮೈತುಂಬ ಪೌಡರು. ಬೈಯಲಿಕ್ಕೆ ಬಾಯಿ ಬರಲಿಲ್ಲ, ಒರೆಸಲಿಕ್ಕೆ ಕೈಯೂ ಬರಲಿಲ್ಲ, ಹಾಗೆಯೇ ತೆಗೆದೆ. ಅವಳ ಚಿತ್ರದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.